ಅಳುವ ಹಾಡಿಗೆ ಚಪ್ಪಾಳೆ

“ಅಳೂ ಹಾಡಿಗೆ ಚಪ್ಪಾಳಿ ಹೊಡಿಸ್ಕೊಂತಿಯಲ್ಲೋ, ನಾಚಿಕಿಗೇಡಿ.” ಲಂಬಾಣಿ ತಾಂಡಾದ ಸೋಮ್ಲಿಬಾಯಿ ತುಂಬಿದ ಸಭಾಂಗಣದ ನಡುವೆ ಎದ್ದು ನಿಂತು ಹಾಗಂದಾಗ ಕೊಪ್ಪಳದ ಜನರ ಚಪ್ಪಾಳೆ ಅರ್ಧಕ್ಕೇ ನಿಂತಿತು.

ವೇದಿಕೆಯ ಮೇಲೆ ಪಂಪಾಪತಿಯ ಪಿಟೀಲು ಇನ್ನೂ ಹೆಗಲ ಮೇಲೇ ಇತ್ತು. ಈ ಹಾಡನ್ನು ಅವನು ಕೇಳಿದ್ದು ಸೋಮ್ಲಿಬಾಯಿಯ ಮಗಳ ಮದುವೆಯಲ್ಲಿ. ಗಂಡನ ಮನೆಗೆ ಹೊರಟ ಹುಡುಗಿ ಒಬ್ಬೊಬ್ಬರ ಕೊರಳಿಗೂ ಬಿದ್ದು ಹಾಡಿಕೊಂಡು ಅತ್ತಿದ್ದಳು. ಊಟಕ್ಕೆ ಬಂದಿದ್ದ ಅವನನ್ನೂ ಅಣ್ಣಾ ಅಂತ ತಬ್ಬಿದ್ದಳು. ತೊಯ್ದದ್ದು ಇದೇ ಹೆಗಲು.

ಇವತ್ತು ಅದನ್ನೇ ಜಿಪ್ಸಿ ಕುಣಿತವೆಂದು ಓಡಿಸಿ ನುಡಿಸಿದ್ದ. “ನಿಧಾನ ಮಾಡೂಣೇನ್ರಿ?” ಎಂದು ಪಿಯಾನೊದ ಲಲಿತಾ ಮೊದಲೇ ಕೇಳಿದ್ದಳು. “ನಿಧಾನ ಆದ್ರ ಚಪ್ಪಾಳಿ ಯಾರ್ ಹೊಡೀತಾರ?” ಅಂದುಬಿಟ್ಟಿದ್ದ.

“ನಿನ್ನ ತಂಗಿ ಕೇಳಿದ್ರ ಏನ್ ಹೇಳ್ಲೋ ತಮ್ಮಾ?” ಸೋಮ್ಲಿಬಾಯಿಯ ದನಿ ಈಗ ಕುಗ್ಗಿತ್ತು.

ಪಂಪಾಪತಿ ಪಿಟೀಲನ್ನು ಹೆಗಲಿಂದ ಇಳಿಸಿದ. ವೇದಿಕೆಯ ಮೆಟ್ಟಿಲಿಳಿದು ಹೊರಟುಹೋದ.