ಮಾದರಿ ಹೆಸರು

‘ಹನುಮೇಶ’ ಎಂಬುದನ್ನು ಅಳಿಸಿ ಸವಿತಾ ‘ನಿಮ್ಮ ಹೆಸರು’ ಎಂದು ಟೈಪ್ ಮಾಡಿದಳು. ಸೇವ್ ಒತ್ತುವುದಷ್ಟೇ ಬಾಕಿ. ಬೆರಳು ಕೀಲಿಯ ಮೇಲೆಯೇ ನಿಂತುಬಿಟ್ಟಿತು.

ಕ್ರಿಪ್ಟೋ ನಾಣ್ಯದ ಲೆಕ್ಕದ ಪ್ರತಿ ಇಟ್ಟುಕೊಂಡು ಜಾಲಕ್ಕೆ ಸೇರುವ ‘ನೋಡ್’ ಅನ್ನು ಮನೆಯ ಕಂಪ್ಯೂಟರಿನಲ್ಲೇ ನಡೆಸುವವರಿಗೆಂದು ಅವಳ ಗಂಡ ಹನುಮೇಶ ರಾಜಗೋಪಾಲನಗರದ ಇದೇ ಕೋಣೆಯಲ್ಲಿ ಕೂತು ಕೈಪಿಡಿ ಬರೆದಿದ್ದ. ನೋಡ್‌ಗೆ ಹೆಸರಿಡುವ ಸಾಲಿನಲ್ಲಿ ಮಾದರಿಗೆ ಇರಲಿ ಎಂದು ತನ್ನದನ್ನೇ ಹಾಕಿದ್ದ. ಜನ ಕೈಪಿಡಿಯನ್ನು ಎಲ್ಲಿ ಓದುತ್ತಾರೆ? ಸಾಲನ್ನು ಇದ್ದ ಹಾಗೇ ಕಾಪಿ ಮಾಡಿ ಅಂಟಿಸುತ್ತಾರೆ. ಅವನು ತೀರಿಕೊಂಡು ಏಳು ತಿಂಗಳಾದರೂ, ಚಾಲೂ ಇರುವ ನೋಡ್‌ಗಳ ಪಟ್ಟಿಯಲ್ಲಿ ನಲವತ್ತೊಂದು ಹನುಮೇಶರು ಹಸಿರು ಚುಕ್ಕೆಯೊಂದಿಗೆ ಎಚ್ಚರವಾಗಿದ್ದರು. ಅವನ ಸ್ವಂತ ಕಂಪ್ಯೂಟರ್ ಮಾತ್ರ ಬಟ್ಟೆ ಹೊದ್ದು ಮೂಲೆಯಲ್ಲಿತ್ತು.

ಈಗ ಅವಳೊಂದಿಗೆ ಕೈಪಿಡಿ ನೋಡಿಕೊಳ್ಳುವ ನಂದೀಶ್ ಫೋನಿನಲ್ಲಿ ಕಾಯುತ್ತಿದ್ದ. “ತೆಗೆದ್ರಾ ಅಕ್ಕ? ಎಲ್ಲಾದಕ್ಕೂ ಒಂದೇ ಹೆಸ್ರು. ಯಾವ ನೋಡ್ ಕೆಟ್ಟಿದೆ ಅಂತ್ಲೇ ಗೊತ್ತಾಗ್ತಿಲ್ಲ.”

ಪಟ್ಟಿಯ ಕೊನೆಗೆ ಹೊಸ ಸಾಲೊಂದು ಮೂಡಿತು: ಹನುಮೇಶ, ಈಗಷ್ಟೇ ಸೇರಿದ್ದಾರೆ.

ಸವಿತಾ ಗಂಡನ ಕುರ್ಚಿಯಿಂದ ಎದ್ದು ನಿಂತಳು.

“ತಡಿಯಪ್ಪಾ,” ಎಂದಳು. “ಇವ್ರು ಇನ್ನೂ ಬರಾಕತ್ತಾರ.”