ದಾಕ್ಷಾಯಿಣಮ್ಮನ ಪುಟ್ಟ ಸವತಿ

ಕಾಫಿ ಕುಡಿಯುತ್ತಾ ಓದಿ... ಆದರೆ ಅರ್ಧಕ್ಕೆ ಬಿಡಬೇಡಿ.

ತುಮಕೂರಿನ ದಾಕ್ಷಾಯಿಣಮ್ಮನವರಿಗೆ ಒಬ್ಬಳು ಸವತಿ ಇದ್ದಳು...

ಗಾಬರಿಯಾಗಬೇಡಿ, ಅದೊಂದು ರಿಮೋಟ್ ಕಾರು!

ಅವರ ಯಜಮಾನರು ಗಂಗಾಧರಯ್ಯ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಇಡೀ ಸರ್ವೀಸಿನಲ್ಲಿ ಅವರ ಬಸ್ಸಿನ ಚಕ್ರಕ್ಕೆ ಒಂದು ಕೋಳಿಯೂ ಸಿಕ್ಕಿರಲಿಲ್ಲ. ಅದಕ್ಕೆ ಕೊಟ್ಟ ಬೆಳ್ಳಿ ಪದಕ ಇವತ್ತಿಗೂ ಟಿವಿ ಪಕ್ಕದಲ್ಲಿದೆ.

ರಿಟೈರ್ ಆದವರು ಕಾಶಿ, ರಾಮೇಶ್ವರ ಅಂತ ಹೊರಟರೆ, ಇವರು ಹೋಗಿ ಒಂದು ಸೆಕೆಂಡ್ ಹ್ಯಾಂಡ್ ನೈಟ್ರೋ ಕಾರು ತಂದರು!

ಮೊಣಕೈ ಉದ್ದದ ಕಾರು. ಸೆಲ್ ಹಾಕಿ ಓಡಿಸುವ ಆಟಿಕೆಯಲ್ಲ... ಒಳಗೆ ನಿಜವಾದ ಎಂಜಿನ್. ನೈಟ್ರೋ ಅನ್ನುವ ಇಂಧನ ಕುಡಿದು, ಹೊಗೆ ಬಿಟ್ಟುಕೊಂಡು, ಬೀದಿ ನಾಯಿಗಳನ್ನೆಲ್ಲ ಎಬ್ಬಿಸಿಕೊಂಡು ಓಡುತ್ತಿತ್ತು.

"ನನ್ನ ತಲೆಗೆ ಒಂದು ದಿನ ಎಣ್ಣೆ ಒತ್ತಿದವರಲ್ಲ... ಆ ಸವತಿಗೆ ಮಾತ್ರ ವಾರವಾರ ಎಣ್ಣೆ ಸ್ನಾನ!" ಎಂದು ದಾಕ್ಷಾಯಿಣಮ್ಮ ಗೊಣಗುತ್ತಿದ್ದರು.

ಹಾಗಂತ ಭಾನುವಾರ ಬೆಳಿಗ್ಗೆ ಫ್ಲಾಸ್ಕ್ ಹಿಡಿದು ಗ್ರೌಂಡಿಗೆ ಹೋಗುವುದನ್ನು ಮಾತ್ರ ತಪ್ಪಿಸಿದವರಲ್ಲ. ಸವತಿ ಮೇಲೆ ಒಂದು ಕಣ್ಣು ಇರಬೇಕಲ್ಲ!

ಅಲ್ಲಿ ಇಬ್ಬರದೂ ಒಂದು ಪದ್ಧತಿ... ಆಕೆ "ರೈಟ್" ಅನ್ನುವವರೆಗೂ ಯಜಮಾನರು ಕಾರು ಬಿಡುತ್ತಿರಲಿಲ್ಲ.

"ಕಂಡಕ್ಟರ್ ಹೇಳ್ದೆ ಬಸ್ ಬಿಡೋ ಹಾಗಿಲ್ಲ ಕಣೇ" ಅನ್ನುತ್ತಿದ್ದರು.

ಇನ್ನು ದಾಕ್ಷಾಯಿಣಮ್ಮನವರ ಬೆರಳಿಗೂ ಒಂದು ಚಟವಿತ್ತು. ಎಲ್ಲಿ ಲೈಟ್ ಸುಮ್ಮನೆ ಉರಿಯುತ್ತಿದ್ದರೂ ಆರಿಸಬೇಕು. ಒಮ್ಮೆ ಮಗಳ ಮನೆಯಲ್ಲಿ ಬಚ್ಚಲಮನೆಯ ಸ್ವಿಚ್ ಆಫ್ ಮಾಡಿ ಬಂದರು... ಒಳಗೆ ಬೀಗರು ಸ್ನಾನ ಮಾಡುತ್ತಿದ್ದರು!

ಒಂದು ಭಾನುವಾರ ಗ್ರೌಂಡಿನಲ್ಲಿ ಆದದ್ದೂ ಅದೇ.

ಕಾರು ಓಡಿಸಿ ಮುಗಿಸಿ, ಎಂಜಿನ್ ಇನ್ನೂ ಗುರುಗುಡುತ್ತಿರುವಾಗಲೇ ಗಂಗಾಧರಯ್ಯ ರಿಮೋಟನ್ನು ಸ್ಕೂಟರ್ ಸೀಟಿನ ಮೇಲಿಟ್ಟು, ಕಾರನ್ನು ಎತ್ತಿಕೊಳ್ಳಲು ನಡೆದರು.

ರಿಮೋಟಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು... ದಾಕ್ಷಾಯಿಣಮ್ಮ ಟಪ್ ಅಂತ ಆಫ್ ಮಾಡಿದರು.

ಅಷ್ಟೇ! ಲಗಾಮು ತಪ್ಪಿದ ಕಾರು ಯಜಮಾನರ ಕಾಲ ಪಕ್ಕದಲ್ಲೇ ನುಗ್ಗಿ, ಗ್ರೌಂಡಿನ ಕಲ್ಲಿನ ಮೆಟ್ಟಿಲಿಗೆ ಹೊಡೆದು ಪಲ್ಟಿಯಾಯಿತು.

ಬೆದರಿದ ಆಕೆ ಸದ್ದಿಲ್ಲದೆ ರಿಮೋಟನ್ನು ಮತ್ತೆ ಆನ್ ಮಾಡಿಬಿಟ್ಟರು...

ಓಡಿ ಬಂದ ಗಂಗಾಧರಯ್ಯ ರಿಮೋಟ್ ನೋಡಿದರು. ದೀಪ ಉರಿಯುತ್ತಲೇ ಇತ್ತು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

"ನಾನೇ ಏನೋ ಮರೆತಿದ್ದೀನಿ ಕಣೇ... ನಮ್ಮಪ್ಪಂಗೂ ಇದೇ ವಯಸ್ಸಲ್ಲಿ ಮರೆವು ಶುರುವಾಗಿದ್ದು."

ದಾಕ್ಷಾಯಿಣಮ್ಮ ನಿಜ ಹೇಳದೆ, ಬಗ್ಗಿ ಕಾರಿನ ಚೂರುಗಳನ್ನು ಆರಿಸತೊಡಗಿದರು. ಮನಸ್ಸಿನ ಒಂದು ಮೂಲೆ "ಹೋಗ್ಲಿ ಬಿಡು, ಪೀಡೆ ತೊಲಗಿತು" ಎಂದೂ ಅಂದಿತು.

ಆದರೆ ಮಾರನೇ ದಿನ ಯಜಮಾನರು ಸ್ಕೂಟರ್ ಕೀಯನ್ನು ದೇವರ ಮುಂದೆ ಇಟ್ಟರು. "ಇನ್ನು ಮುಟ್ಟಲ್ಲ. ಯಾರಿಗಾದ್ರೂ ಹೊಡೆದ್ರೆ?"

ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದರು. ರಸ್ತೆ ದಾಟುವಾಗ ಹೆಂಡತಿಯ ಸೆರಗು ಹಿಡಿದರು...

ಶಿರಾಡಿ ಘಾಟಿಯಲ್ಲಿ ಬಸ್ ತುಂಬ ಜನರನ್ನು ನಿದ್ದೆ ಕೆಡದ ಹಾಗೆ ಇಳಿಸಿದ ಮನುಷ್ಯ! ದಾಕ್ಷಾಯಿಣಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ವಾರದ ಕೊನೆಗೆ ಇಬ್ಬರೂ ಕಾರನ್ನು ಚೀಲದಲ್ಲಿ ಹಾಕಿಕೊಂಡು, ಆಟೋದಲ್ಲಿ ರಿಪೇರಿ ಅಂಗಡಿಯ ಇಲಿಯಾಸ್ ಹತ್ತಿರ ಹೋದರು.

"ತಳದ ಚಾಸಿ ಬೆಂಡಾಗಿದೆ, ಟ್ಯಾಂಕ್ ಒಡೆದಿದೆ... ಎಂಜಿನ್ ಮಾತ್ರ ಗಟ್ಟಿ ಇದೆ ಸಾರ್. ರಿಪೇರಿ ಮಾಡ್ಲಾ? ಇಲ್ಲ, ಬಿಚ್ಚಿ ಪಾರ್ಟ್ಸ್ ಬೇರೆಯೋರಿಗೆ ಕೊಡ್ಲಾ?"

ಗಂಗಾಧರಯ್ಯ ಕಾರಿನ ಮೇಲೆ ಒಮ್ಮೆ ಕೈಯಾಡಿಸಿದರು.

"ಬಿಚ್ಬಿಡಪ್ಪಾ... ಓಡ್ಸೋ ಕೈಯೇ ಕೆಟ್ಟ ಮೇಲೆ ಕಾರು ರಿಪೇರಿ ಮಾಡ್ಸಿ ಏನು ಪ್ರಯೋಜನ?"

ಇಲಿಯಾಸ್ ಸ್ಕ್ರೂಡ್ರೈವರ್ ತೆಗೆದುಕೊಂಡ...

"ನಿಲ್ಸಪ್ಪಾ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ದಾಕ್ಷಾಯಿಣಮ್ಮ ಅಳುತ್ತಿದ್ದರು.

"ರೀ... ನಿಮ್ಮ ಕೈ ಕೆಟ್ಟಿಲ್ಲ. ರಿಮೋಟ್ ಆಫ್ ಮಾಡಿದ್ದು ನಾನು ರೀ... ಲೈಟ್ ಉರೀತಿತ್ತು... ಕೈ ತಡೀಲಿಲ್ಲ. ಹೆದರ್ಕೊಂಡು ಮತ್ತೆ ಆನ್ ಮಾಡ್ಬಿಟ್ಟೆ..."

"ಅಮ್ಮಾ!" ಇಲಿಯಾಸ್ ತಲೆ ಚಚ್ಚಿಕೊಂಡ. "ಕಾರಿಗಿಂತ ಮುಂಚೆ ರಿಮೋಟ್ ಆಫ್ ಮಾಡಿದ್ರಾ? ಹಳೇ ಸೆಟ್ಟಿದು, ರಿಮೋಟ್ ಸಿಗ್ನಲ್ ತಪ್ಪಿದ್ರೆ ಕಾರು ತಾನಾಗೇ ನುಗ್ಗುತ್ತೆ, ಯಾರು ಬಂದ್ರೂ ನಿಲ್ಲಲ್ಲ!"

ಗಂಗಾಧರಯ್ಯ ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕಣ್ಣು ತುಂಬಿ ಬಂತು...

"ಹಂಗಾದ್ರೆ... ನಾನೇನೂ ಮರೆತಿಲ್ವಾ?"

"ಇಲ್ಲ ರೀ..."

ಅವರು ನಕ್ಕರು ನೋಡಿ... ಅಂಗಡಿ ಬೆಚ್ಚಿಬೀಳುವಂಥ ನಗು!

"ಬೀಗರಿಗೇ ಕತ್ತಲಲ್ಲಿ ಸ್ನಾನ ಮಾಡ್ಸಿದೋಳು ನೀನು... ನನ್ನ ಕಾರನ್ನ ಬಿಡ್ತೀಯಾ!"

ದಾಕ್ಷಾಯಿಣಮ್ಮ ಅಳುತ್ತಲೇ ನಕ್ಕು, ಇಲಿಯಾಸ್ ಕಡೆ ತಿರುಗಿದರು. "ಏನಾದ್ರೂ ಮಾಡಪ್ಪಾ... ನನ್ನ ಸವತಿನ ಉಳಿಸಿಕೊಡು!"

ಪಾರ್ಟ್ಸ್ ಬಂದು ಕಾರು ರೆಡಿಯಾದ ಭಾನುವಾರ, ಸ್ಕೂಟರ್ ಓಡಿಸಿಕೊಂಡು ಗಂಗಾಧರಯ್ಯನವರೇ ಗ್ರೌಂಡಿಗೆ ಬಂದರು. ಹಿಂದೆ ಕೂತ ದಾಕ್ಷಾಯಿಣಮ್ಮನವರ ಮಡಿಲಲ್ಲಿ ಸವತಿ!

ಕಾರು ಸ್ಟಾರ್ಟ್ ಮಾಡಿ ಅವರು ರಿಮೋಟನ್ನು ಹೆಂಡತಿಯ ಕೈಗೇ ಕೊಟ್ಟರು. "ಇವತ್ತು ನೀನೇ ಡ್ರೈವರ್... ನಾನು ಕಂಡಕ್ಟರ್. ರೈಟ್... ರೈಟ್!"

ಸೆರಗು ಸಿಕ್ಕಿಸಿಕೊಂಡು ದಾಕ್ಷಾಯಿಣಮ್ಮ ಕಾರು ಬಿಟ್ಟರು. ಧೂಳು, ಹೊಗೆ, ನಾಯಿಗಳ ಬೊಗಳಾಟ... ಎಲ್ಲಕ್ಕಿಂತ ಜೋರಾಗಿ ಆಕೆಯ ಕಿರುಚಾಟ, ನಗು!

ಕೊನೆಗೆ ಕಾರು ಬಂದು ನಿಂತಾಗ ಮೆಲ್ಲಗೆ ಕೇಳಿದರು. "ರೀ... ಈಗ ಆಫ್ ಮಾಡ್ಲಾ?"

"ಅಯ್ಯೋ ಮಾರಾಯ್ತೀ... ಮೊದ್ಲು ಕಾರು, ಆಮೇಲೆ ರಿಮೋಟು!" ಎಂದು ಕೂಗುತ್ತಾ ಗಂಗಾಧರಯ್ಯ ಕಾರಿನ ಕಡೆಗೆ ಓಡಿದರು.

*ಮುರಿದ ಕಾರಿಗೆ ಸ್ಪೇರ್ ಪಾರ್ಟ್ಸ್ ಸಾಕು... ಮುರಿದ ಮನಸ್ಸಿಗೆ ಒಂದು ನಿಜವಾದ ಮಾತೇ ಬೇಕು.*

ನಿಮ್ಮ ತಪ್ಪನ್ನು ತನ್ನದೆಂದುಕೊಂಡು ನಿಮ್ಮ ಮನೆಯಲ್ಲೂ ಯಾರಾದರೂ ಸುಮ್ಮನೆ ಕೂತಿದ್ದಾರಾ... ಒಮ್ಮೆ ನೋಡುತ್ತೀರಾ?