ನಕ್ಕರೆ ಮಾತ್ರ ಕ್ಲಿಕ್ಕೆನ್ನುವ ಕ್ಯಾಮೆರಾ

ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬರುವ ಮುಂಚಿನ ಮಾತು...

ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನ ಮಾಲೀಕ ಪಂಪನಗೌಡರಿಗೆ ದುಬೈಯಲ್ಲಿದ್ದ ಭಾಮೈದ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟ. ಅಂಗಿ ಜೇಬಿನಲ್ಲಿ ಕೂರುವಂಥದ್ದು.

ಅದರಲ್ಲೊಂದು ವಿಶೇಷ. ಬಟನ್ ಒತ್ತಬೇಕಿರಲಿಲ್ಲ... ಎದುರಿನ ಮುಖ ನಕ್ಕರೆ ಸಾಕು, ತಾನೇ ಕ್ಲಿಕ್ಕೆನ್ನುತ್ತಿತ್ತು. ನಗದಿದ್ದರೆ ಸುಮ್ಮನೆ ಕಾಯುತ್ತಿತ್ತು.

ಗೌಡರು ಅದನ್ನು ಹಿಡಿದು ಮಿಲ್ಲೆಲ್ಲ ಸುತ್ತಿದರು. ಗುಮಾಸ್ತ ನಕ್ಕ, ಕ್ಲಿಕ್. ದಲ್ಲಾಳಿ ನಕ್ಕ, ಕ್ಲಿಕ್. ರಜೆ ಕೇಳಲು ಬಂದ ಲಾರಿ ಡ್ರೈವರ್ ಕೂಡ ನಕ್ಕ, ಕ್ಲಿಕ್.

ಸಂಬಳ ಕೊಡುವ ಕೈಯಲ್ಲೇ ಕ್ಯಾಮೆರಾ ಇದ್ದರೆ ಯಾರು ತಾನೇ ನಗುವುದಿಲ್ಲ... ಅಷ್ಟು ಯೋಚಿಸುವ ಅಭ್ಯಾಸ ಗೌಡರಿಗಿರಲಿಲ್ಲ. ತಮ್ಮ ಮಿಲ್ಲಿನಲ್ಲಿ ದುಃಖವೇ ಇಲ್ಲ, ಮಷೀನೇ ಹೇಳುತ್ತಿದೆ ಎಂದು ನಂಬಿಬಿಟ್ಟರು.

ಮಿಲ್ಲಿಗೆ ಇಪ್ಪತ್ತೈದು ವರ್ಷ ತುಂಬಿತು. ಶಾಮಿಯಾನ, ಮೈಕು, ಹಾರ... ಹಮಾಲರ ಮನೆಯ ಹೆಂಗಸರಿಗೆ ಹೊಲಿಗೆ ಮಷೀನ್ ಹಂಚುವ ಕಾರ್ಯಕ್ರಮ.

ನಿಯಮ ಒಂದೇ. ಮೊದಲು ನಗಬೇಕು, ಕ್ಯಾಮೆರಾ ಕ್ಲಿಕ್ಕೆನ್ನಬೇಕು, ಆಮೇಲೆ ಮಷೀನ್. ಆ ನಗುಮುಖಗಳನ್ನೆಲ್ಲ ಸೇರಿಸಿ ಬಸ್ ಸ್ಟ್ಯಾಂಡಿನ ಎದುರಿಗೆ ದೊಡ್ಡ ಬ್ಯಾನರ್ ಕಟ್ಟಿಸುವ ಆಸೆ ಗೌಡರದು.

ಬ್ಯಾನರಿನ ನಟ್ಟನಡುವೆ ಒಂದು ಮುಖ ಇರಲೇಬೇಕಿತ್ತು... ಹುಲಿಗೆಮ್ಮನದು.

ಹಿಂದಿನ ಸುಗ್ಗಿಯಲ್ಲಿ ಆಕೆಯ ಗಂಡ, ಹಮಾಲ ಗಾದಿಲಿಂಗಪ್ಪ, ಇದೇ ಮಿಲ್ಲಿನಲ್ಲಿ ಸತ್ತಿದ್ದ. ಇನ್ನೊಂದು ಗೋದಾಮು ಯಾಕೆ ದಂಡಕ್ಕೆ ಎಂದು ಗೌಡರು ಭತ್ತದ ಚೀಲಗಳನ್ನು ಸೂರು ಮುಟ್ಟುವಂತೆ ಒಟ್ಟಿಸಿದ್ದರು. ಅವು ಅವನ ಮೇಲೆ ಕುಸಿದವು.

ಗೌಡರು ಪೊಲೀಸರಿಗೆ ಹೇಳಿದ್ದೇ ಬೇರೆ. ಕುಡಿದು ಬಂದಿದ್ದ, ತೂರಾಡಿ ಚೀಲಗಳನ್ನು ಮೈಮೇಲೆ ಎಳೆದುಕೊಂಡ ಅಂತ. ಕೆಲಸ ಹೋದೀತೆಂಬ ಭಯಕ್ಕೆ ಹಮಾಲರೆಲ್ಲ ಬಾಯಿ ಹೊಲಿದುಕೊಂಡರು.

ಒಂದು ಹನಿ ಮುಟ್ಟದವನು ಊರಿಗೆಲ್ಲ ಕುಡುಕನಾದ. ಕುಡುಕ ಸತ್ತರೆ ಅಳುವುದೇನಿದೆ ಎಂದರು ಜನ... ಹುಲಿಗೆಮ್ಮ ಹೆಣದ ಮುಂದೆಯೂ ಅಳಲಿಲ್ಲ.

ಈಗ ಆಕೆ ಒಮ್ಮೆ ನಕ್ಕು ಬ್ಯಾನರಿನಲ್ಲಿ ಕಾಣಿಸಿಕೊಂಡರೆ ಮುಗಿಯಿತು, ಸತ್ತವನ ಹೆಂಡತಿಯೇ ಖುಷಿಯಾಗಿರುವಾಗ ಇನ್ಯಾರು ಬಾಯಿ ತೆರೆಯುತ್ತಾರೆ? ಗೌಡರ ಲೆಕ್ಕಾಚಾರ ಇದು.

ಹುಲಿಗೆಮ್ಮ ವೇದಿಕೆ ಹತ್ತಿದಳು. ಗೌಡರು ಕ್ಯಾಮೆರಾವನ್ನು ಅವಳ ಮುಖಕ್ಕೆ ಹಿಡಿದರು.

ಕ್ಯಾಮೆರಾ ಕಾಯಿತು...

ಸ್ವಲ್ಪ ನಗವ್ವ ಎಂದರು ಗೌಡರು. ಗುಮಾಸ್ತ ಏನೋ ಜೋಕ್ ಹೇಳಿ ತಾನೊಬ್ಬನೇ ನಕ್ಕ. ಆಕೆಯ ಮುಖ ಅಲುಗಲಿಲ್ಲ.

ನಗುವಿನ ಸೆಟ್ಟಿಂಗ್ ತೆಗೆದು ಸುಮ್ಮನೆ ಒಂದು ಹೊಡೆದುಬಿಡೋಣ ಎಂದು ಗುಮಾಸ್ತ ಪಿಸುಗುಟ್ಟಿದ. ಗೌಡರು ರೇಗಿದರು.

"ಸೂತಕದ ಮೋರೆ ತಗೊಂಡು ಬ್ಯಾನರಿಗೆ ಹಾಕ್ಲೇನಲೇ?"

ಅದು ಹುಲಿಗೆಮ್ಮನಿಗೂ ಕೇಳಿಸಿತು.

"ನಗ್ತೀನ್ರೀ ಗೌಡ್ರ. ನೀವು ಹೇಳಿದಷ್ಟು ನಗ್ತೀನಿ. ನನ್ ಗಂಡ ಕುಡ್ದಿದ್ದಿಲ್ಲ ಅಂತ ಆ ಮೈಕಿನ್ಯಾಗ ಒಂದ್ ಮಾತು ಹೇಳ್ರಿ."

ಹಿಂದಿನ ಸಾಲಿನಲ್ಲಿ ಕೂತಿದ್ದ ಹಮಾಲರು ತಲೆಯೆತ್ತಿದರು...

ಶುಭದಿನದಲ್ಲಿ ಹಳೆಯದೆಲ್ಲ ಯಾಕೆ ಎಂದು ಗೌಡರು ಮಾತು ತೇಲಿಸಿದರು. ಕ್ಯಾಮೆರಾನೇ ಕೆಟ್ಟಿರಬೇಕು ಎಂದು ಅದನ್ನು ಗುಮಾಸ್ತನಿಗೆ ಕೊಟ್ಟು, ತಮ್ಮ ಮುಖಕ್ಕೆ ಹಿಡಿದು ನೋಡಲು ಹೇಳಿದರು.

ಗೌಡರು ನಕ್ಕರು. ಕ್ಲಿಕ್ ಇಲ್ಲ.

ಬಾಯಿ ಇನ್ನಷ್ಟು ಅಗಲ ಮಾಡಿದರು. ಇಲ್ಲ. ದವಡೆ ಹಲ್ಲು ಕಾಣುವ ತನಕ ತೆರೆದರು... ಆ ಮಷೀನು ಅದನ್ನು ನಗು ಎಂದು ಒಪ್ಪಲೇ ಇಲ್ಲ.

ವೇದಿಕೆಯ ಮೇಲೆ ಅವರ ಪಕ್ಕದಲ್ಲೇ ಸಾಲಾಗಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ, "ಗೌಡ್ರು ಹಲ್ಲು ಕೀಳ್ಸಾಕ ಕುಂತಂಗ ಐತಲ್ಲವ್ವ" ಅಂದಳು. ಪಕ್ಕದವಳು ಕಿಸಕ್ಕೆಂದಳು. ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ಇಡೀ ಸಾಲು ನಕ್ಕಿತು.

ಕ್ಲಿಕ್. ಕ್ಲಿಕ್. ಕ್ಲಿಕ್.

ಇಪ್ಪತ್ತೈದು ವರ್ಷಗಳಲ್ಲಿ ಜನ ಗೌಡರ ಎದುರು ನಿಜವಾಗಿ ನಕ್ಕಿದ್ದು ಅದೇ ಮೊದಲು... ಅದೂ ಗೌಡರನ್ನು ನೋಡಿ.

ನಗದೆ ಉಳಿದವಳು ಹುಲಿಗೆಮ್ಮ ಒಬ್ಬಳೇ. ಆಕೆ ನೇರವಾಗಿ ಮೈಕಿನ ಬಳಿ ಹೋದಳು.

"ನನ್ ಗಂಡ ಕುಡ್ದಿದ್ದಿಲ್ಲ. ನೋಡಿದೋರು ಇಲ್ಲೇ ಅದೀರಿ."

ಗೌಡರು ಕೈಸನ್ನೆ ಮಾಡಿದರು. ಮೈಕ್ ಆಫ್ ಆಯಿತು.

ಆದರೆ ದಿನವಿಡೀ ಮಿಲ್ಲಿನ ಸದ್ದನ್ನು ಮೀರಿಸಿ ಕೂಗಿ ಮಾತಾಡುವ ಹಮಾಲರಿಗೆ ಮೈಕ್ ಯಾಕೆ ಬೇಕು?

ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಕುಡ್ದಿದ್ದಿಲ್ಲ" ಎಂದ. ಅವನ ಪಕ್ಕದವನೂ ಎದ್ದ. ಆಮೇಲೆ ಆ ಸಾಲೇ ಎದ್ದು ನಿಂತಿತು...

"ಚೀಲ ಬಿದ್ದು ಸತ್ತಾನ. ನಾವು ನೋಡೀವಿ."

ಹೆಸರು ಹಿಡಿದು ಗದರಿಸಿ ಕೂರಿಸೋಣವೆಂದು ಗೌಡರು ಒಬ್ಬೊಬ್ಬರ ಮುಖ ನೋಡಿದರು. ತಮ್ಮ ಚೀಲ ಹೊತ್ತು ಬೆನ್ನು ಬಾಗಿಸಿಕೊಂಡ ಆ ಗಂಡಸರಲ್ಲಿ ಒಬ್ಬನ ಹೆಸರೂ ಅವರಿಗೆ ಗೊತ್ತಿರಲಿಲ್ಲ.

ಹೆಂಗಸರು ವೇದಿಕೆಯಿಂದ ಇಳಿದರು. ಹಮಾಲರು ಹೊಲಿಗೆ ಮಷೀನುಗಳನ್ನು ಹೆಗಲಿಗೇರಿಸಿಕೊಂಡರು. ನಗಬೇಕೆಂದು ಯಾರನ್ನೂ ಕೇಳುವ ಧೈರ್ಯ ಗೌಡರಿಗೆ ಉಳಿದಿರಲಿಲ್ಲ.

ಹುಲಿಗೆಮ್ಮ ಮಿಲ್ಲಿನ ಗೇಟಿನ ತನಕ ಗಟ್ಟಿಯಾಗಿಯೇ ನಡೆದಳು. ಅಲ್ಲಿ ಮಣ್ಣಿನಲ್ಲಿ ಕುಸಿದು ಕೂತಳು.

ಮದುವೆಯಾದಾಗಿನಿಂದ ಒಮ್ಮೆಯೂ ಬಾಯಲ್ಲಿ ತಂದಿರದ ಗಂಡನ ಹೆಸರನ್ನು, ಊರಿಗೆಲ್ಲ ಕೇಳುವಂತೆ, ಕೂಗಿ ಕೂಗಿ ಅತ್ತಳು...

*

ಕೊಟ್ಟದ್ದಕ್ಕೆ ಪ್ರತಿಯಾಗಿ ನಗು ಕೇಳುವುದು ದಾನವಲ್ಲ... ವಸೂಲಿ.

ನಿಮ್ಮ ಫೋನಿನಲ್ಲಿರುವ ಸೇವೆಯ ಫೋಟೋಗಳನ್ನು ಒಮ್ಮೆ ತೆರೆದು ನೋಡಿ... ಅಲ್ಲಿ ನಿಮ್ಮ ಪಕ್ಕ ನಿಂತವರ ಹೆಸರು ನಿಮಗೆ ಗೊತ್ತಿದೆಯೇ?